ಅಳತೆ ನೋಡದೆ ಕೊಟ್ಟ ಡಿಸ್ಕ್

ಮಾದೇವಣ್ಣ, ಅವತ್ತು ನಿಮ್ಮ ಕಾಲು ತಡ ಮಾಡಲಿಲ್ಲ. ನೀವು ಬ್ರೇಕ್ ಒತ್ತಿದಿರಿ, ಒತ್ತಬೇಕಾದ ಹೊತ್ತಿಗೇ ಒತ್ತಿದಿರಿ. ಬ್ರೇಕೇ ಇರಲಿಲ್ಲ. ಇಲ್ಲದ ಹಾಗೆ ಮಾಡಿದವಳು ನಾನು — ನಂಜನಗೂಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ರತ್ನ. ನಿಮ್ಮ ಸಾವ್ಕಾರರ ಕಾಂಟೆಸಾ ಕಾರಿಗೆಂದು ನಾನು ನಿಮ್ಮ ಕೈಗಿಟ್ಟ ಬ್ರೇಕ್ ಡಿಸ್ಕುಗಳು ಗಾಡಿಗೆ ಹಾಕಬಾರದಷ್ಟು ಸವೆದಿದ್ದವು. ಕೊಡುವಾಗ ಅದು ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಗೊತ್ತಾಯಿತು. ಗೊತ್ತಾದ ಮೇಲೂ ಹೇಳಲಿಲ್ಲ.

ಇಷ್ಟು ಬರೆದರೆ ಎದೆ ಹಗುರಾಗಬಹುದು ಅಂದುಕೊಂಡಿದ್ದೆ — ಇಲ್ಲ, ಆಗಲಿಲ್ಲ. ನಾಳೆ ನಿಮ್ಮೂರು ಸೋಸಲೆಗೆ ಬಂದು ನಿಮ್ಮೆದುರೇ ಹೇಳುವವಳಿದ್ದೇನೆ. ಅದಕ್ಕೆ ಮುಂಚೆ ಬರೆದು ನೋಡುತ್ತಿದ್ದೇನೆ, ಯಾಕೆಂದರೆ ನನ್ನ ಬಾಯಿ ನಿಮಗೆ ಗೊತ್ತು. ಎದುರು ನಿಂತರೆ ಏನೋ ಒಂದು ಸಬೂಬು ತಂತಾನೇ ಹೊರಬರುತ್ತದೆ, ಎದುರಿಗಿದ್ದವರದೇ ತಪ್ಪು ಅನ್ನುವ ಹಾಗೆ ಮಾತು ತಿರುಗಿಬಿಡುತ್ತದೆ. ವ್ಯಾಪಾರಕ್ಕೆ ಕೂತವಳ ನಾಲಿಗೆ ಅದು. ಈ ಒಂದು ವಿಷಯದಲ್ಲಿ ಅದನ್ನು ನಾನೇ ನಂಬುವುದಿಲ್ಲ.

ಹಳೆ ಕಾರಿನ ಸಾಮಾನು ಎಲ್ಲೂ ಸಿಗದಿದ್ದರೆ ನಂಜನಗೂಡಿನ ರತ್ನವ್ವನ ಅಂಗಡಿಗೆ ಹೋಗಿ — ಮೈಸೂರಿನ ಮೆಕ್ಯಾನಿಕ್‌ಗಳೂ ಹೀಗೆ ಹೇಳಿ ಕಳಿಸುತ್ತಿದ್ದರು. ಅದನ್ನು ಕೇಳಿ ಕೇಳಿ ನನಗೆ ಜಂಬ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಕಂಪನಿ ಎಂದೋ ಮಾಡುವುದನ್ನು ನಿಲ್ಲಿಸಿದ ಗಾಡಿಗೆ ಡಿಸ್ಕ್ ಹುಡುಕುವುದು ಸುಮ್ಮನೆ ಅಲ್ಲ. ಹೊರಸುತ್ತು ಸರಿ ಇದ್ದರೆ ಬೋಲ್ಟಿನ ತೂತು ಕೂರುವುದಿಲ್ಲ, ತೂತು ಕೂತರೆ ನಡುವೆ ಟೋಪಿಯ ಹಾಗೆ ಉಬ್ಬಿದ ಭಾಗದ ಎತ್ತರ ಬೇರೆ ಇರುತ್ತದೆ. ಎಲ್ಲ ಸರಿ ಇದ್ದು ದಪ್ಪ ಕಮ್ಮಿ ಆದರೂ ಅದು ಬರೀ ಕಬ್ಬಿಣ. ಇದನ್ನೆಲ್ಲ ನನಗೆ ಕಲಿಸಿದವರು ಅಪ್ಪ. ಗಂಡುಮಕ್ಕಳಿಲ್ಲ ಅಂತ ಗಲ್ಲಾಪೆಟ್ಟಿಗೆಯ ಪಕ್ಕ ನನ್ನನ್ನು ಕೂರಿಸಿಕೊಂಡು, ಕೈಗೆ ದಪ್ಪ ಅಳೆಯುವ ವರ್ನಿಯರ್ ಕೊಟ್ಟು, ಬಂದ ಪ್ರತಿ ಸಾಮಾನನ್ನೂ ಅಳೆಸಿ ನೋಡುತ್ತಿದ್ದರು. ಅನುಮಾನ ಬಂದರೆ ಗಿರಾಕಿಯನ್ನು ವಾಪಸ್ಸು ಕಳಿಸು, ಮಾಲನ್ನು ಕಳಿಸಬೇಡ ಅನ್ನುತ್ತಿದ್ದರು. ಅವರು ಹೋದ ಮೇಲೆ ವರ್ನಿಯರ್ ಉಳಿಯಿತು. ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.

ಆ ಕಾಂಟೆಸಾದ ಮುಂದಿನ ಚಕ್ರಗಳ ಡಿಸ್ಕು ನಮ್ಮ ಅಂಗಡಿಯಲ್ಲಿ ಎರಡು ಜೊತೆ ಇದ್ದವು, ಎರಡೂ ಅಪ್ಪನ ಕಾಲದವು. ಒಂದು ಜೊತೆ ಹೊಸದು, ಯಾವ ಗಾಡಿಗೂ ಕೂರಿಸದೇ ಇದ್ದದ್ದು. ಇನ್ನೊಂದು ಯಾವುದೋ ಗಾಡಿಯಲ್ಲಿ ಓಡಿ ಗೆರೆ ಬಿದ್ದು, ಅಪ್ಪ ತಾಂಡ್ಯದ ಒಂದು ವರ್ಕ್‌ಶಾಪಿನ ಲೇತ್ ಯಂತ್ರದಲ್ಲಿ ಕೆತ್ತಿಸಿ ನಯ ಮಾಡಿಸಿದ್ದು. ಕೆತ್ತುತ್ತಾ ಕೆತ್ತುತ್ತಾ ತೀರಾ ತೆಳ್ಳಗಾಗಿಬಿಟ್ಟಿತ್ತು. ಬಿಸಾಡಲು ಅಪ್ಪನಿಗೆ ಮನಸ್ಸು ಬರಲಿಲ್ಲ, ತೂತು, ಎತ್ತರ ಹೋಲಿಸಿ ನೋಡಲಿಕ್ಕೆ ಆಗುತ್ತದೆ ಅಂತ ಇಟ್ಟುಕೊಂಡರು. ಯಾರಿಗೂ ಕೊಡಬಾರದು ಅನ್ನುವ ಗುರುತಿಗೆ ಅದಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿದ್ದರು. ಲೇತಿನಿಂದ ಬಂದದ್ದು ನೋಡಲಿಕ್ಕೆ ಹೊಸದಕ್ಕಿಂತ ಹೊಸದಾಗಿ ಕಾಣುತ್ತದೆ, ಅದಕ್ಕೇ ಆ ಬಟ್ಟೆ.

ಆ ವರ್ಷ ಆಯುಧಪೂಜೆಗೆ ಅಂತ ಅಂಗಡಿಯನ್ನೆಲ್ಲ ತೊಳೆಸಿದೆ. ರ‍್ಯಾಕಿನ ಮಾಲು ಇಳಿಸಿ, ಧೂಳು ಹೊಡೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಜೋಡಿಸಿದ್ದಾಯಿತು. ಆ ಕೆಂಪು ಬಟ್ಟೆ ಜಿಡ್ಡು ಹಿಡಿದು ಅಸಹ್ಯವಾಗಿತ್ತು — ಹಬ್ಬದ ದಿನ ಇದು ಯಾಕೆ ಅಂತ ನಾನೇ, ಈ ಕೈಯಲ್ಲೇ, ಬಿಚ್ಚಿ ಎಸೆದೆ. ಹೊಸ ಬಟ್ಟೆ ಕಟ್ಟೋಣ ಅಂದುಕೊಂಡೆ, ಅಷ್ಟರಲ್ಲಿ ಹೂವಿನವಳು ಬಂದಳು. ಎರಡು ಜೊತೆಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಅಕ್ಕಪಕ್ಕ ನಿಲ್ಲಿಸಿದೆ.

ಆಯುಧಗಳೆಲ್ಲ ದೇವರ ಫೋಟೋದ ಮುಂದೆ ಇದ್ದವು. ಸ್ಪ್ಯಾನರುಗಳು, ಸುತ್ತಿಗೆ, ತಕ್ಕಡಿ, ಅಪ್ಪನ ವರ್ನಿಯರ್. ನಮ್ಮಲ್ಲಿ ಪೂಜೆಗೆ ಇಟ್ಟದ್ದನ್ನು ಅವತ್ತು ಎತ್ತುವ ಹಾಗಿಲ್ಲ. ಮಾರನೆಯ ಬೆಳಗ್ಗೆ ದೀಪ ಹಚ್ಚಿ, ಹೂವನ್ನು ಒಂದಿಷ್ಟು ಸರಿಸಿ ಪೂಜೆ ಕದಲಿಸಿದ ಮೇಲೆಯೇ ಒಂದು ಸ್ಪ್ಯಾನರನ್ನಾದರೂ ಮುಟ್ಟುವುದು. ಮಾಲು ಮಾರಬಹುದು, ಆಯುಧ ಎತ್ತಬಾರದು. ನಾನು ಮಂಗಳಾರತಿ ಮಾಡಿ ಗಂಟೆ ಕೆಳಗಿಡುವುದಕ್ಕೂ ನೀವು ಚಪ್ಪಲಿ ಬಿಟ್ಟು ಒಳಗೆ ಬರುವುದಕ್ಕೂ ಸರಿಹೋಯಿತು.

ಪಾಪ, ನರಸೀಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಿರಿ. ಸಾವ್ಕಾರರ ಗಾಡಿಯ ಡಿಸ್ಕು ಬಿರುಕು ಬಿಟ್ಟು ಮೆಕ್ಯಾನಿಕ್ ಬಿಚ್ಚಿ ಹಾಕಿದ್ದಾನೆ, ಗಾಡಿ ಜಾಕಿಯ ಮೇಲೆ ನಿಂತಿದೆ ಅಂದಿರಿ. ಸಂಜೆ ಪೂಜೆ ಮಾಡಬೇಕು, ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು, ಚಕ್ರವೇ ಇಲ್ಲದ ಗಾಡಿಗೆ ಪೂಜೆ ಮಾಡುವುದು ಹೇಗೆ ಅಂತ ಸಾವ್ಕಾರರು ತಲೆ ಕೆಡಿಸಿಕೊಂಡಿದ್ದಾರೆ ಅಂದಿರಿ. ಮೆಕ್ಯಾನಿಕ್ ತನ್ನ ಪೂಜೆಯನ್ನೂ ಸಂಜೆಗೆ ಹಾಕಿಕೊಂಡು ಕಾಯುತ್ತಿದ್ದಾನೆ ಅಂದಿರಿ. ಅಷ್ಟು ವರ್ಷದಿಂದ ಆ ಗಾಡಿ ಓಡಿಸುತ್ತಿದ್ದವರು ನೀವು. ಅದು ನಾಲ್ಕು ಚಕ್ರದ ಮೇಲೆ ನಿಂತಿರಬೇಕು ಅನ್ನುವ ಆಸೆ ಸಾವ್ಕಾರರಿಗಿಂತ ನಿಮಗೇ ಜಾಸ್ತಿ ಇದ್ದ ಹಾಗೆ ಕಂಡಿತು.

ನಾನು ರ‍್ಯಾಕಿನ ಹತ್ತಿರ ಹೋದೆ. ಎರಡು ಜೊತೆ. ಯಾವುದು ಯಾವುದು — ಒಂದು ಕ್ಷಣ ಕೈ ನಿಂತಿತು. ಎರಡಕ್ಕೂ ಇದ್ದ ವ್ಯತ್ಯಾಸ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು, ವಿಭೂತಿ ಬಳಿದ ಮೇಲೆ ಕಣ್ಣಿಗೆ ಸಿಗುವಂಥದ್ದಲ್ಲ. ಎಡಗಡೆಯದನ್ನು ಎತ್ತಿ ನೋಡಿದೆ, ಭಾರ ಇದೆ ಅನ್ನಿಸಿತು. ಎಡಗಡೆಯದೇ ಹೊಸದು ಅಂತ ತೀರ್ಮಾನ ಮಾಡಿದೆ. ನೀವು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹೆದರಿಕೊಂಡೇ ಒಂದು ಮಾತು ಅಂದಿರಿ.

"ಒಂದ್ಸಲ ಅಳ್ತೆ ನೋಡ್ಬುಡವ್ವ. ಸಾವ್ಕಾರ್ರು ಹೇಳಿ ಕಳ್ಸವ್ರೆ."

ವರ್ನಿಯರ್ ಅಲ್ಲೇ ಕಣ್ಣೆದುರಿಗಿತ್ತು. ಅದರ ಮೇಲೆ ಒಂದು ಸೇವಂತಿಗೆ ಇತ್ತು. ನಾಳೆ ಬನ್ನಿ ಅನ್ನಬಹುದಿತ್ತು. ಇವತ್ತು ಅಳೆಯಲಿಕ್ಕಾಗುವುದಿಲ್ಲ, ನನಗೆ ಅನುಮಾನ ಇದೆ ಅನ್ನಬಹುದಿತ್ತು. ನಾನು ಅಂದದ್ದು ಇದು:

"ಹುಟ್ಟಿದಾಗ್ಲಿಂದ ಇವನ್ನೇ ಹಿಡ್ಕೊಂಡು ಕೂತಿದ್ದೀನಿ ಮಾದೇವಣ್ಣ. ನಂಗೆ ಅಳತೆ ಹೇಳ್ಕೊಡ್ತೀರಾ?"

ನೀವು ನಾಲಿಗೆ ಕಚ್ಚಿಕೊಂಡಿರಿ. ಹಬ್ಬದ ದಿನ ಏನೋ ಅಂದುಬಿಟ್ಟೆ, ತಪ್ಪು ತಿಳಿಯಬೇಡ ಅಂದಿರಿ. ನಾನು ದೊಡ್ಡ ಮನಸ್ಸು ಮಾಡಿದವಳ ಹಾಗೆ ಒಂದು ಬಾಳೆಹಣ್ಣು, ಒಂದು ಹಿಡಿ ಪುರಿ ಪ್ರಸಾದ ಕೊಟ್ಟು ಕಳಿಸಿದೆ. ಪೂಜೆಗೆ ಇಟ್ಟದ್ದನ್ನು ಎತ್ತಬಾರದು ಅಂತ ಬಿಟ್ಟೆ ಅಂದುಕೊಂಡೇ ಎಷ್ಟೋ ಕಾಲ ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಅದು ನಿಜ ಅಲ್ಲ ಮಾದೇವಣ್ಣ. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬರಲಿಲ್ಲ, ಅಷ್ಟೇ.

ಮಾರನೆಯ ಬೆಳಗ್ಗೆ ಪೂಜೆ ಕದಲಿಸಿದೆ. ಹೂವು ಸರಿಸಿ ಮೊದಲು ಎತ್ತಿದ್ದೇ ವರ್ನಿಯರನ್ನು. ಯಾಕೆ ಅದನ್ನೇ ಎತ್ತಿದೆ ಅಂತ ಕೇಳಿದರೆ — ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು, ಇನ್ನೇನು. ಉಳಿದ ಜೊತೆಯ ವಿಭೂತಿ ಒರೆಸಿ ಅಳೆದೆ. ಪೂರ್ತಿ ದಪ್ಪ ಇತ್ತು. ಇನ್ನೊಂದು ಕಡೆ ಹಿಡಿದು ಮತ್ತೆ ಅಳೆದೆ. ಹೊಸ ಜೊತೆ ನನ್ನ ಅಂಗಡಿಯಲ್ಲೇ ಕೂತಿತ್ತು. ಕೆಂಪು ಬಟ್ಟೆಯದು ನಿಮ್ಮ ಗಾಡಿಗೆ ಹೋಗಿತ್ತು.

ಫೋನ್ ಮಾಡಿದೆ. ಇದು ನಿಮಗೆ ನೆನಪಿರಬೇಕು — ಹಬ್ಬದ ಮಾರನೆಯ ದಿನ ನಾನು ಫೋನ್ ಮಾಡಿದ್ದೆ. ಹೇಳಬೇಕು ಅಂತಲೇ ಮಾಡಿದೆ, ದೇವರಾಣೆ. ಅಯ್ಯೋ ಮಾದೇವಣ್ಣ, ಅದಲುಬದಲಾಗಿದೆ, ಬಿಚ್ಚಿಸಿ ತಂದುಬಿಡಿ, ಇಷ್ಟೇ ಹೇಳಬೇಕಾಗಿದ್ದದ್ದು. ಗಾಡಿ ಹೆಂಗಿದೆ ಅಂತ ಶುರುಮಾಡಿದೆ. ನೀವು ಮಾತಾಡಲು ಬಿಡಲೇ ಇಲ್ಲ. ಗಾಡಿ ಬೆಣ್ಣೆ ಹಂಗೆ ನಿಲ್ಲುತ್ತದೆ, ಸಾವ್ಕಾರರು ಬಂದವರಿಗೆಲ್ಲ ರತ್ನವ್ವನ ಮಾಲು ರತ್ನವ್ವನ ಮಾಲು ಅಂತ ಹೇಳುತ್ತಿದ್ದಾರೆ, ನಾನೇ ನಿನ್ನನ್ನು ಅನುಮಾನ ಪಟ್ಟೆ, ಮನಸ್ಸಿಗೆ ಹಾಕಿಕೊಳ್ಳಬೇಡ ಅಂದಿರಿ. ನಾನು ಆಯಿತು, ಹಬ್ಬ ಚೆನ್ನಾಗಾಯಿತಾ ಅಂತ ಕೇಳಿ ಇಟ್ಟುಬಿಟ್ಟೆ.

ತೆಳ್ಳಗಿನ ಡಿಸ್ಕು ಏನು ಮಾಡುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ನಾಳೆ ನಿಮ್ಮ ಹೆಂಡತಿ ಸಣ್ಣಮ್ಮಕ್ಕನಿಗೂ ಅರ್ಥವಾಗಬೇಕಲ್ಲ, ಅದಕ್ಕೆ ಹೇಳುತ್ತೇನೆ. ಡಿಸ್ಕನ್ನು ಎರಡು ಕಡೆಯಿಂದ ಪ್ಯಾಡ್ ಹಿಡಿಯುತ್ತದೆ, ಪ್ಯಾಡನ್ನು ಹಿಂದಿನಿಂದ ಪಿಸ್ಟನ್ ತಳ್ಳುತ್ತದೆ. ಡಿಸ್ಕು ತೆಳ್ಳಗಿದ್ದರೆ ಪಿಸ್ಟನ್ ತನ್ನ ಜಾಗ ಬಿಟ್ಟು ಮುಂದೆ ಬರಬೇಕು. ಪ್ಯಾಡ್ ಸವೆದ ಹಾಗೆಲ್ಲ ಇನ್ನೂ ಮುಂದೆ. ನೀವು ಹಾಕಿಸಿದ್ದು ಹಳೆಯ ಪ್ಯಾಡುಗಳನ್ನೇ, ಇನ್ನೂ ಅರ್ಧ ಇದೆ ಅಂತ. ಒಂದು ದಿನ ಪಿಸ್ಟನ್ ಪೂರ್ತಿ ಹೊರಗೆ ಬಂದುಬಿಡುತ್ತದೆ, ಬ್ರೇಕಿನ ಎಣ್ಣೆ ಸೋರಿಹೋಗುತ್ತದೆ, ಪೆಡಲ್ ಒತ್ತಿದರೆ ಸೀದಾ ನೆಲಕ್ಕೆ ಹೋಗುತ್ತದೆ. ಆ ದಿನ ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಬರುತ್ತದೆ ಅಂತ ಮಾತ್ರ ನನಗೆ ಗೊತ್ತಿತ್ತು.

ಗೊತ್ತಿದ್ದೂ ತಿಂಗಳುಗಟ್ಟಲೆ ಸುಮ್ಮನಿದ್ದೆ. ವಾರಕ್ಕೊಂದು ಸಲ ಆಚೆಗೆ ತೆಗೆಯುವ ಗಾಡಿ ತಾನೆ, ಎಷ್ಟು ಸವೆದೀತು. ಮದುವೆಗೋ ದೇವಸ್ಥಾನಕ್ಕೋ ಮೆಲ್ಲಗೆ ಹೋಗುವ ಗಾಡಿ. ಮುಂದಿನ ಸರ್ವೀಸಿಗೆ ಬಿಚ್ಚಿದಾಗ ಮೆಕ್ಯಾನಿಕ್ಕೇ ನೋಡಿಕೊಳ್ಳುತ್ತಾನೆ. ಹೀಗೆ ದಿನಕ್ಕೊಂದು. ಹೊಸ ಜೊತೆಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದೆ, ಕಣ್ಣಿಗೆ ಬೀಳದಿರಲಿ ಅಂತ. ನಾಚಿಕೆಯಾಗುತ್ತದೆ.

ಆಮೇಲಿನದು ನಿಮಗೇ ಗೊತ್ತು. ನಿಮ್ಮ ಮಗಳ ಮಗುವಿಗೆ ಹೆಸರಿಡುವ ಶಾಸ್ತ್ರ ಇತ್ತು. ಇಷ್ಟು ವರ್ಷ ನಮ್ಮನ್ನೆಲ್ಲ ತಿರುಗಿಸಿದ್ದೀಯ, ಒಂದು ದಿನ ನಿನ್ನ ಮನೆಯವರನ್ನು ಕೂರಿಸಿಕೊಂಡು ಹೋಗು ಅಂತ ಸಾವ್ಕಾರರು ಕಾಂಟೆಸಾದ ಕೀ ಕೊಟ್ಟರು. ಸಣ್ಣಮ್ಮಕ್ಕ ಆ ಗಾಡಿಯ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ನರಸೀಪುರದಲ್ಲಿ ಹೊಳೆಯ ಕಡೆಗೆ ಇಳಿಯುವ ರಸ್ತೆ, ಮುಂದೆ ಜನ, ನೀವು ಬ್ರೇಕ್ ಒತ್ತಿದಿರಿ. ಪೆಡಲ್ ನೆಲಕ್ಕೆ ಹೋಯಿತು. ಜನರ ಮೇಲೆ ಹೋಗಬಾರದು ಅಂತ ಗಾಡಿಯನ್ನು ಹುಣಸೆಮರಕ್ಕೆ ತಿರುಗಿಸಿದಿರಿ. ಸಣ್ಣಮ್ಮಕ್ಕನ ಸೊಂಟದ ಮೂಳೆ ಮುರಿಯಿತು. ಮಗಳೂ ಮಗುವೂ ಹಿಂದಿನ ಸೀಟಿನಲ್ಲಿದ್ದು ಉಳಿದುಕೊಂಡರು.

ವಿಷಯ ಕೇಳಿದ ದಿನ ಅಂಗಡಿ ಬಾಗಿಲು ಹಾಕಿಕೊಂಡು ಆಸ್ಪತ್ರೆಗೆ ಬಂದೆ. ಸಣ್ಣಮ್ಮಕ್ಕನನ್ನು ನೋಡಲಿಕ್ಕೆ ಅಂತ ಎಲ್ಲರೂ ಅಂದುಕೊಂಡರು. ನಾನು ಬಂದದ್ದು ಯಾರಿಗೆ ಏನು ಗೊತ್ತಾಗಿದೆ ಅಂತ ತಿಳಿದುಕೊಳ್ಳಲಿಕ್ಕೆ. ಆಸ್ಪತ್ರೆಯ ಜಗಲಿಯಲ್ಲಿ ಸಾವ್ಕಾರರು, ನಿಮ್ಮ ತಮ್ಮ, ಮೆಕ್ಯಾನಿಕ್ ಎಲ್ಲ ಇದ್ದರು. ಮರಕ್ಕೆ ಹೊಡೆದಾಗ ಮುಂದಿನ ಚಕ್ರ ಮುರಿದು ಎಣ್ಣೆಯ ಪೈಪು ಕಿತ್ತುಹೋಗಿದೆ, ಅದಕ್ಕೇ ಎಣ್ಣೆ ಚೆಲ್ಲಿದೆ ಅಂತ ಮೆಕ್ಯಾನಿಕ್ ಹೇಳುತ್ತಿದ್ದ. ಹಾಗಾದರೆ ಮೊದಲೇ ಬ್ರೇಕ್ ಯಾಕೆ ಹಿಡಿಯಲಿಲ್ಲ ಅಂತ ಯಾರೋ ಕೇಳಿದರು. ಒತ್ತಿದೆ ಅಂತ ನೀವು ಅಂದಿರಿ. ಒತ್ತಿದ್ದರೆ ನಿಲ್ಲಬೇಕಾಗಿತ್ತಲ್ಲ ಅಂದರು. ವಯಸ್ಸಾಯಿತು, ರಾತ್ರಿ ನಿದ್ದೆಯೂ ಇರಲಿಲ್ಲ ಅಂತ ನಿಮ್ಮ ತಮ್ಮ ಅಂದ. ನೀವು ಅವರ ಮುಖ ಇವರ ಮುಖ ನೋಡುತ್ತಾ ಕೂತಿದ್ದಿರಿ. ಆಗ ಸಾವ್ಕಾರರು ನನ್ನ ಕಡೆ ತಿರುಗಿದರು. ನೀನು ಕೊಟ್ಟ ಡಿಸ್ಕು ಸರಿಯಾಗಿತ್ತು ತಾನೆ ರತ್ನವ್ವ ಅಂತ ಕೇಳಿದರು.

ಕೇಳಿಯೇ ಬಿಟ್ಟರು. ನಾನಾಗಿ ಹೇಳಬೇಕಾಗಿಯೂ ಇರಲಿಲ್ಲ, ಇಲ್ಲ ಅಂತ ತಲೆ ಆಡಿಸಿದ್ದರೂ ಸಾಕಾಗಿತ್ತು. ಅಷ್ಟರಲ್ಲಿ ನೀವೇ ಎದ್ದು ನಿಂತಿರಿ.

"ಅವ್ವನ ಮಾಲ್ನ ಅನ್ಬೇಡಿ ಸಾ. ನನ್ ಕಾಲೇ ತಡ ಆಗದೆ. ತೆಪ್ಪು ನಂದೇ."

ಒಂದು ಸಲ ನನ್ನನ್ನು ಅನುಮಾನ ಪಟ್ಟು ಬೈಸಿಕೊಂಡಿದ್ದಿರಲ್ಲ, ಎರಡನೆಯ ಸಲ ಹಾಗಾಗಬಾರದು ಅಂತ ನನ್ನನ್ನು ಕಾಪಾಡಿದಿರಿ. ನಾನು ತಲೆ ತಗ್ಗಿಸಿದೆ. ನಿಮಗೆ ಅದು ಮರುಕದ ಹಾಗೆ ಕಂಡಿರಬೇಕು — ಏಳು ರತ್ನವ್ವ, ಒಳಗೆ ಹೋಗಿ ಅವಳನ್ನು ಮಾತಾಡಿಸು ಅಂದಿರಿ. ಸಣ್ಣಮ್ಮಕ್ಕ ಅಷ್ಟು ನೋವಿನಲ್ಲೂ ನನ್ನನ್ನು ನೋಡಿ ನಕ್ಕು, ಊರವರನ್ನೆಲ್ಲ ಜೋಪಾನವಾಗಿ ತಿರುಗಿಸಿದ ಇವನಿಗೆ ಹೆಂಡತಿ ಕೂತಾಗಲೇ ನಿದ್ದೆ ಬಂತು ನೋಡು ಅಂದರು. ನಾನೂ ನಕ್ಕೆ.

ನೀವು ಮಾರನೆಯ ದಿನವೇ ಸಾವ್ಕಾರರಿಗೆ ಕೀ ವಾಪಸ್ಸು ಕೊಟ್ಟಿರಿ. ಗಾಡಿಯನ್ನು ಯಾರೋ ಗುಜರಿಗೆ ಎಳೆದುಕೊಂಡು ಹೋದರು, ಡಿಸ್ಕುಗಳೂ ಅದರ ಜೊತೆಯಲ್ಲೇ ಹೋದವು. ಇನ್ನು ಯಾರೂ ಕೇಳುವವರಿಲ್ಲ ಅಂತ ನಿಟ್ಟುಸಿರು ಬಿಟ್ಟೆ. ಹೌದು, ಬಿಟ್ಟೆ. ಅದನ್ನೂ ಹೇಳಬೇಕಲ್ಲ.

ಸಣ್ಣಮ್ಮಕ್ಕ ಕೋಲು ಊರಿಕೊಂಡು ಓಡಾಡುವ ಹಾಗಾದ ಮೇಲೆ, ವರ್ಷ ಕಳೆದು, ಒಂದು ಸೋಮವಾರ ದೇವಸ್ಥಾನಕ್ಕೆ ಬಂದು, ಹಾಗೇ ನಮ್ಮ ಅಂಗಡಿಯಲ್ಲಿ ಕೂತು ಸುಧಾರಿಸಿಕೊಂಡರು. ಸೊಂಟದ ನೋವಿನ ಮಾತೇ ಎತ್ತಲಿಲ್ಲ. ನಿಮ್ಮ ಮಾತನ್ನೇ ಆಡಿದರು. ಕಾರಿರಲಿ, ತಮ್ಮನ ಗದ್ದೆಯ ಟಿಲ್ಲರನ್ನೂ ಮುಟ್ಟುವುದಿಲ್ಲವಂತೆ. ಏಣಿ ಹತ್ತುವುದಿಲ್ಲ, ಕುದಿಯುವ ನೀರಿನ ಪಾತ್ರೆ ಇಳಿಸುವುದಿಲ್ಲವಂತೆ. ಆಮೇಲೆ ಕೋಲನ್ನು ಪಕ್ಕಕ್ಕೆ ಒರಗಿಸಿ ಅಂದರು:

"ಮೊಮ್ಮಗೀನ ಒಂದಿನ ಎತ್ಕಂಡಿಲ್ಲ ಕಣವ್ವ. ಅಳ್ತಾ ಬಂದು ಕಾಲ್ ತಬ್ಕಂಡ್ರೂ ಎತ್ತಲ್ಲ. ನನ್ ಕೈಕಾಲು ನೆಚ್ಕೊಳಕಾಗಲ್ಲ, ಬೀಳ್ಸ್‌ಬುಡ್ತೀನಿ ಅಂತನೆ."

ಆಗಲಾದರೂ ಹೇಳಬಹುದಿತ್ತು. ಕಾಫಿ ತರಿಸಿಕೊಟ್ಟೆ. ಆಟೋ ಹತ್ತಿಸಿ ಕಳಿಸಿದೆ.

ಮೊನ್ನೆ ಮೈಸೂರಿನಿಂದ ಒಬ್ಬರು ಫೋನ್ ಮಾಡಿದರು. ಎಲ್ಲಿಂದಲೋ ಒಂದು ಕಾಂಟೆಸಾ ಕೊಂಡಿದ್ದಾರಂತೆ, ಮುಂದಿನ ಡಿಸ್ಕಿಗೆ ಊರೂರು ಅಲೆದಿದ್ದಾರಂತೆ, ನಿಮ್ಮಲ್ಲಿ ಇಲ್ಲ ಅಂದರೆ ಇನ್ನೆಲ್ಲೂ ಇಲ್ಲ ಅಂತ ಯಾರೋ ಹೇಳಿದರಂತೆ. ಇದೆ ಅಂದೆ, ಅಭ್ಯಾಸ. ಅಟ್ಟ ಹತ್ತಿ ಗೋಣಿಚೀಲ ಬಿಚ್ಚಿದೆ. ಅಂಚಿನಲ್ಲಿ ಆ ಹಬ್ಬದ ಕುಂಕುಮ ಇನ್ನೂ ಅಂಟಿಕೊಂಡಿತ್ತು. ನಿಮ್ಮ ಕೈಗೆ ಬರಬೇಕಾಗಿದ್ದ ಜೊತೆ. ಅದನ್ನು ಇನ್ನೊಬ್ಬರಿಗೆ ಕಟ್ಟಿಕೊಡಲಿಕ್ಕೆ ನನ್ನಿಂದ ಆಗಲಿಲ್ಲ. ಇಲ್ಲ, ನನ್ನ ಹತ್ತಿರ ಇಲ್ಲ ಅಂತ ಅವರಿಗೆ ತಿರುಗಿ ಫೋನ್ ಮಾಡಿ ಹೇಳಿದೆ.

ಆ ವಾರವೇ ನರಸೀಪುರದಲ್ಲಿ ನೆಂಟರ ಮನೆಗೆ ಹೊರಟು ಬಸ್ ಹತ್ತಿದೆ. ನೀವು ಮುಂದೆ, ಡ್ರೈವರ್ ಹತ್ತಿರದ ಸೀಟಿನಲ್ಲಿ ಕೂತಿದ್ದಿರಿ, ಪಕ್ಕದಲ್ಲಿ ಔಷಧಿಯ ಚೀಲ. ನನ್ನನ್ನು ನೋಡಲಿಲ್ಲ. ನಾನು ಸೆರಗು ಎಳೆದುಕೊಂಡು ಹಿಂದೆ ಕೂತೆ. ಕೂತ ಕಡೆಯಿಂದ ನಿಮ್ಮ ಬಲಗಾಲು ಕಾಣುತ್ತಿತ್ತು. ಒಂದು ಹಸು ಅಡ್ಡ ಬಂತು, ನಿಮ್ಮ ಕಾಲು ಬಸ್ಸಿನ ನೆಲದ ತಗಡನ್ನು ಒತ್ತಿತು. ಆಮೇಲೆ ಡ್ರೈವರ್ ಬ್ರೇಕ್ ಹಾಕಿದ. ಸ್ಕೂಟರಿನವನೊಬ್ಬ ನುಗ್ಗಿದ, ಮತ್ತೆ ನಿಮ್ಮ ಕಾಲೇ ಮೊದಲು. ದಾರಿಯುದ್ದಕ್ಕೂ ನೋಡಿದೆ. ಒಂದು ಸಲವೂ, ಒಂದೇ ಒಂದು ಸಲವೂ ಆ ಹುಡುಗ ಡ್ರೈವರ್ ನಿಮಗಿಂತ ಮುಂಚೆ ಒತ್ತಲಿಲ್ಲ.

ಆ ಕಾಲನ್ನು ನೀವು ನಂಬುತ್ತಿಲ್ಲ. ನಾನು ಸುಮ್ಮನಿದ್ದದ್ದಕ್ಕೆ ನಂಬುತ್ತಿಲ್ಲ. ನೆಂಟರ ಮನೆಗೆ ಹೋಗಲಾಗದೆ ನಡುದಾರಿಯಲ್ಲೇ ಇಳಿದು, ಎದುರಿನ ಬಸ್ ಹಿಡಿದು ವಾಪಸ್ಸು ಬಂದೆ.

ನಾಳೆ ಮೊದಲು ನರಸೀಪುರದಲ್ಲಿ ಇಳಿದು ಸಾವ್ಕಾರರನ್ನು ಕರೆದುಕೊಳ್ಳುತ್ತೇನೆ. ಅವರ ಎದುರಿಗೇ ತಾನೆ ನೀವು ತಪ್ಪು ಒಪ್ಪಿಕೊಂಡದ್ದು, ಅವರ ಎದುರಿಗೇ ಅದನ್ನು ನಿಮ್ಮ ಮೇಲಿನಿಂದ ತೆಗೆಯಬೇಕು. ನಿಮ್ಮ ತಮ್ಮನೂ ಇರಲಿ. ಸಣ್ಣಮ್ಮಕ್ಕ ಕೋಲು ಎತ್ತಿದರೆ ನಾನು ಅಲ್ಲಾಡುವುದಿಲ್ಲ. ಅಟ್ಟದ ಆ ಹೊಸ ಡಿಸ್ಕುಗಳನ್ನೂ ವರ್ನಿಯರನ್ನೂ ಚೀಲದಲ್ಲಿ ಹಾಕಿಟ್ಟಿದ್ದೇನೆ. ಅವತ್ತು ನೀವು ಅಳತೆ ನೋಡು ಅಂದಿರಿ, ನೋಡಲಿಲ್ಲ. ನಾಳೆ ನಿಮ್ಮ ಮನೆಯ ಜಗಲಿಯ ಮೇಲೆ ಎಲ್ಲರ ಮುಂದೆ ಅಳೆದು, ನಿಮಗೆ ಕೊಡಬೇಕಾಗಿದ್ದದ್ದು ಇದು, ಕೊಡಲಿಲ್ಲ ಅನ್ನುತ್ತೇನೆ. ಕ್ಷಮಿಸಿ ಅಂತ ಕೇಳುವುದಿಲ್ಲ. ನಿಮ್ಮ ಸ್ವಭಾವ ನನಗೆ ಗೊತ್ತು, ಕೇಳಿದರೆ ಆಯಿತು ಬಿಡವ್ವ ಅಂದುಬಿಡುತ್ತೀರಿ.

ನೀವು ನನ್ನನ್ನು ಬೈಯುವ ಮೊದಲು ಮೊಮ್ಮಗಳನ್ನು ಒಂದು ಸಲ ಎತ್ತಿಕೊಳ್ಳಿ ಅಂತ ಹೇಳಬೇಕು ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಅವಳಿಗೆ ಹೆಸರಿಟ್ಟದ್ದು ಗಾಡಿ ಮರಕ್ಕೆ ಹೊಡೆದ ಆ ವರ್ಷ. ಈಗ ಸ್ಕೂಲ್ ಬ್ಯಾಗು ಹಾಕಿಕೊಂಡು ತಾನೇ ಬಸ್ ಹತ್ತುತ್ತಾಳಂತೆ. ಎತ್ತಿಕೊಳ್ಳಲು ಹೋದರೆ, ಬಿಡು ತಾತ, ನಾನೇನು ಪಾಪುನಾ ಅನ್ನುವ ವಯಸ್ಸು.